ಹತ್ತು ಲೀಟರ್ ಹಾಲು

"ಇನ್ನೂ ಯಾಕ ನಿಂತಿ ಮೈಲಮ್ಮ? ಬಸ್ಸು ಹೋಗ್ತೈತಿ ನೋಡು," ಎಂದ ಪಕ್ಕೀರಪ್ಪ, ಕ್ಯಾನಿನ ಹಾಲನ್ನು ದೊಡ್ಡ ಪಾತ್ರೆಗೆ ಬಗ್ಗಿಸುತ್ತ.

ದಿನಾ ಹಾಲು ಹಾಕಿ, ಈಚೆಗೆ ಪಿತ್ತವೆಂದು ಹಾಲಿಲ್ಲದ ಕರಿ ಚಹಾವನ್ನೇ ಒಂದು ಲೋಟ ನಿಂತಲ್ಲೇ ಕುಡಿದು, ಖಾಲಿ ಕ್ಯಾನು ಎತ್ತಿಕೊಂಡು ಏಳೂವರೆಯ ಬಸ್ಸಿಗೆ ಓಡುವವಳು ಅವಳು. ಇವತ್ತು ಚಹಾ ಕುಡಿದು ಲೋಟ ಕೆಳಗಿಟ್ಟಿದ್ದರೂ ಕದಲಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಸುತ್ತಿದಳು.

"ಒಂದು ಮಾತಿತ್ತಣ್ಣ. ಲೀಟರಿಗೆ ಐದು ರುಪಾಯಿ ಹೆಚ್ಚಿಗಿ ಮಾಡಬೇಕು ನೀನು."

ಪಕ್ಕೀರಪ್ಪ ಕ್ಯಾನನ್ನು ಹಾಗೇ ಹಿಡಿದುಕೊಂಡ. ಕೊಟ್ಟೂರಿನ ಬಸ್ ನಿಲ್ದಾಣದ ಎದುರು ಅವನು ಈ ಚಹಾದಂಗಡಿ ತೆರೆದು ಹದಿಮೂರು ವರ್ಷವಾಗಿತ್ತು. ತೆರೆದ ಮೊದಲ ದಿನದಿಂದಲೂ ಹಾಲು ಮೈಲಮ್ಮನದೇ. ಚಿಗಟೇರಿ ಕಡೆಯ ಒಂದು ಒಳಹಳ್ಳಿಯಿಂದ ದಿನಾ ಹತ್ತು ಲೀಟರ್ ಎಮ್ಮೆ ಹಾಲು ತರುತ್ತಿದ್ದಳು. ಹಬ್ಬವಿರಲಿ, ಜ್ವರವಿರಲಿ, ತಪ್ಪಿಸಿದವಳಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ರೇಟು ಕೇಳಿದವಳೂ ಅಲ್ಲ. ಯುಗಾದಿ ಕಳೆದ ಮೇಲೆ ಅವನೇ ಒಂದೋ ಎರಡೋ ರೂಪಾಯಿ ಏರಿಸುತ್ತಿದ್ದ. ಅವಳು "ಆತಣ್ಣ" ಎನ್ನುತ್ತಿದ್ದಳು. ಈ ಸಲವೂ ಏರಿಸಿದ್ದ. ಅದಾಗಿ ವಾರವೂ ಕಳೆದಿರಲಿಲ್ಲ.

ಬೆಂಚಿನ ಮೇಲೆ ಕೂತಿದ್ದ ಏಕಾಂತಪ್ಪ ಪೇಪರಿನಿಂದ ತಲೆ ಎತ್ತಿದರು. ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯುವ ಅವರಿಗೆ ಯಾವ ಸರಕಿನ ಧಾರಣೆಯಾದರೂ ಸರಿ, ಬಾಯಲ್ಲಿ ಒಂದು ಸಲ ಹೊರಳಿಸಿದರೇ ಸಮಾಧಾನ.

"ಆಕಿ ಕೇಳೋದ್ರಾಗ ತಪ್ಪಿಲ್ಲ ಬಿಡಪ್ಪ. ಪಾಕೀಟು ಹಾಲೇ ನಾಕು ರುಪಾಯಿ ಏರೇತಿ. ನಮ್ಮಲ್ಲಷ್ಟ ಅಲ್ಲ, ದೇಶದಾಗೆಲ್ಲಾ ಏರಾಕ ಹತ್ತೇತಿ. ಮೇವು ಏರೇತಿ, ಹಿಂಡಿ ಏರೇತಿ, ಡೀಸೆಲ್ ಏರೇತಿ. ಮ್ಯಾಲೆ ಹಾಲಿನ ಪುಡಿ ರೇಟು ಬ್ಯಾರೆ. ಅದು ಪರದೇಶದಾಗ ಏರಿಳಿದಂಗ ಇಲ್ಲಿನ ಹಾಲಿಂದೂ ಏರಿಳಿತೈತಂತ."

"ಪರದೇಶದಾಗಿನ ಪುಡಿಗೂ ನನ್ನ ಚಾಕ್ಕೂ ಏನ್ ಸಂಬಂಧರೀ?"

"ಸಂಬಂಧ ಐತಿ ಅಂತ ಬರದಾರ. ನನಗೂ ಪೂರ್ತಿ ತಿಳಿವಲ್ದು," ಎಂದು ಏಕಾಂತಪ್ಪ ಮತ್ತೆ ಪೇಪರಿಗೆ ತಲೆ ಹಾಕಿದರು.

"ಎರಡು ದಿನ ತಡಿ, ವಿಚಾರ ಮಾಡ್ತೀನಿ," ಎಂದ ಪಕ್ಕೀರಪ್ಪ. ಮೈಲಮ್ಮ ಗೋಣು ಹಾಕಿ ಬಸ್ಸಿನ ಕಡೆಗೆ ಓಡಿದಳು.

ಅವತ್ತೆಲ್ಲ ಪಕ್ಕೀರಪ್ಪನ ಕೈ ಚಹಾ ಸೋಸುತ್ತಿದ್ದರೂ ತಲೆಯೆಲ್ಲ ಅದೇ. ಐದು ರೂಪಾಯಿ ಕೊಟ್ಟರೆ ಚಹಾ ಹತ್ತರಿಂದ ಹನ್ನೆರಡಾಗಬೇಕು. ಎದುರಿನ ಅಂಗಡಿಯವನು ಪಾಕೀಟು ಹಾಲಿಗೆ ನೀರು ಸೇರಿಸಿ, ಏಲಕ್ಕಿ ಜಜ್ಜಿ ಹಾಕಿ, ಹತ್ತಕ್ಕೇ ಕೊಡುತ್ತಾನೆ. ತನ್ನ ಅಂಗಡಿಗೆ ಜನ ಬರುವುದು ತಗಡಿನ ಮೇಲೆ ಬರೆಸಿದ 'ಎಮ್ಮೆ ಹಾಲಿನ ಚಹಾ' ಎಂಬ ಮೂರು ಮಾತಿಗೆ. ಆದರೆ ಆ ಮೂರು ಮಾತಿಗೆ ಎರಡು ರೂಪಾಯಿ ಹೆಚ್ಚು ಕೊಡುವವರೆಷ್ಟು ಮಂದಿ? ಸಂಜೆ ಮಿರ್ಚಿ ಕರಿಯುತ್ತಿದ್ದ ಹೆಂಡತಿ ಶಾಂತಕುಮಾರಿಯನ್ನು ಕೇಳಿದ.

"ಆಕಿ ಹತ್ರ ಆರು ಲೀಟರ್ ತಗೋ, ನಾಕು ಲೀಟರ್ ಪಾಕೀಟು ಸೇರಿಸು. ಕುದಿಯೋ ಚಾದಾಗ ಯಾರು ಇಣುಕಿ ನೋಡ್ತಾರ?" ಎಂದಳು ಅವಳು, ಬಾಣಲೆಯಿಂದ ಕಣ್ಣು ತೆಗೆಯದೆ.

ಪಕ್ಕೀರಪ್ಪನಿಗೆ ಸಿಟ್ಟು ಬಂತು. ಲೋಟದ ಹಾಲು ನಾಲಿಗೆಗೆ ಸೋಕಿದರೆ ಎಮ್ಮೆಯದೋ ಆಕಳದೋ, ನಿನ್ನೆಯದೋ ಇವತ್ತಿನದೋ ಹೇಳಬಲ್ಲೆ ಎಂದು ಹತ್ತು ಜನರೆದುರು ಬೆನ್ನು ತಟ್ಟಿಕೊಂಡವನು ಅವನು. ಆದರೆ ಸಿಟ್ಟು ಇಳಿದ ಮೇಲೆ ಹೆಂಡತಿಯ ಮಾತೇ ಉಳಿಯಿತು. ಮರುದಿನ ಮಧ್ಯಾಹ್ನ, ಗಿರಾಕಿ ಕಡಿಮೆಯಿದ್ದ ಹೊತ್ತು ನೋಡಿ, ಮೂಲೆಯ ಹಾಲಿನ ಬೂತಿಗೆ ಹೋದ. ಬೂತಿನ ಅರುಣಕುಮಾರ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ.

"ಎಲ್ಲಾದಕ್ಕಿಂತ ಗಟ್ಟಿ ಹಾಲು ಯಾವುದೈತಿ? ದಿನಾ ಎಂಟು ಪಾಕೀಟು ಬೇಕಾಗಿತ್ತು."

"ಗಟ್ಟೀದು ಅಂದ್ರ ಮುಂದಾಗಿ ಹೇಳಿ ತರಿಸಬೇಕಣ್ಣ. ತುಟ್ಟಿ ಅಂತ ಈ ಊರಾಗ ಯಾರೂ ಒಯ್ಯಾಂಗಿಲ್ಲ. ನಿಮ್ಮ ಮೈಲಮ್ಮ ಒಬ್ಬಾಕಿನ ಗಿರಾಕಿ. ದಿನಾ ಮುಂಜಾನಿ ಬಸ್ ಇಳಿದಾಕಿನ ಸೀದಾ ಇಲ್ಲಿಗೇ ಬರ್ತಾಳ. ಎಂಟು ಪಾಕೀಟು. ಏಳೆಂಟು ತಿಂಗಳಾತು ನೋಡು, ತಪ್ಪಿಸಿಲ್ಲ." ಅರುಣಕುಮಾರ ಸ್ಕೋರು ನೋಡಿ ನಾಲಿಗೆ ಲೊಚಗುಟ್ಟಿದ. "ನಿನಗೂ ಎಂಟು ಹೇಳಲೇನು?"

"ಬ್ಯಾಡ. ಆಮ್ಯಾಲೆ ಹೇಳ್ತೀನಿ."

ಅಂಗಡಿಗೆ ಹೇಗೆ ಬಂದನೋ ತಿಳಿಯಲಿಲ್ಲ. ಎಂಟು ಪಾಕೀಟು ಎಂದರೆ ನಾಲ್ಕು ಲೀಟರ್. ಏಳೆಂಟು ತಿಂಗಳಿಂದ ತನ್ನ ಪಾತ್ರೆಯಲ್ಲಿ ಕುದಿದದ್ದು, ಗಿರಾಕಿಗಳು ಬಾಯಿ ಚಪ್ಪರಿಸಿ ಕುಡಿದದ್ದು, ತಾನೇ ಬೆಳಗಿನ ಮೊದಲ ಲೋಟ ಕುಡಿದು "ಆಹಾ" ಎಂದದ್ದು ಆ ಹಾಲು. ಮೋಸಕ್ಕಿಂತ ಹೆಚ್ಚಾಗಿ, ತನ್ನ ನಾಲಿಗೆಗೆ ತಿಳಿಯಲಿಲ್ಲವಲ್ಲ ಎಂಬುದು ಅವನನ್ನು ಚುಚ್ಚಿತು. ಹೆಂಡತಿಗೆ ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವಳನ್ನು ಒಲೆಯ ಮುಂದೆ ಬಿಟ್ಟು ಬಸ್ ನಿಲ್ದಾಣದ ಹಿಂದೆ ಹೋದ. ಅಲ್ಲಿ ಮುಚ್ಚಿಹೋದ ಒಂದು ಗಿರಣಿಯ ಕಟ್ಟೆಯಿತ್ತು. ಜೋಳದ ಲಾರಿಯೊಂದರ ಮರೆಯಲ್ಲಿ ನಿಂತ. ಕೈಯಾರೆ ಹಿಡಿಯಬೇಕು, ನಾಲ್ಕು ಜನರೆದುರು ಕೇಳಬೇಕು, ಹದಿಮೂರು ವರ್ಷದ ನಂಬಿಕೆಗೆ ಇದೇನಾ ಎನ್ನಬೇಕು — ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ.

ಮೈಲಮ್ಮ ಬಂದಳು. ಕಟ್ಟೆಯ ಮೇಲೆ ಕ್ಯಾನಿಟ್ಟು, ಸೆರಗಿನಿಂದ ಅದರ ಬಾಯಿ ಒರೆಸಿದಳು. ಬ್ಲೇಡಿನಿಂದ ಒಂದೊಂದೇ ಪಾಕೀಟಿನ ಮೂಲೆ ಕತ್ತರಿಸಿ, ಒಂದು ಹನಿಯೂ ಆಚೆ ಬೀಳದಂತೆ ಸುರಿದಳು. ಖಾಲಿಯಾದ ಪಾಕೀಟನ್ನು ತಲೆಕೆಳಗೆ ಹಿಡಿದು, ಕೊನೆಯ ಹನಿ ಇಳಿಯುವವರೆಗೆ ಕಾದು, ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಎಂಟಕ್ಕೂ ಹಾಗೆಯೇ. ಮಗ್ಗುಲಲ್ಲೇ ನಲ್ಲಿಯೊಂದು ಸೋರುತ್ತಿತ್ತು. ಅವಳು ಅತ್ತ ತಿರುಗಿಯೂ ನೋಡಲಿಲ್ಲ. ಎಲ್ಲ ಮುಗಿದ ಮೇಲೆ ಮುಚ್ಚಳ ಹಾಕಿ, ಮಂಡಿ ಹಿಡಿದುಕೊಂಡು ಎದ್ದಳು.

ಪಕ್ಕೀರಪ್ಪ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಅವಳಿಗಿಂತ ಮೊದಲೇ ಸರಸರನೆ ನಡೆದು ಅಂಗಡಿ ಸೇರಿದ. ಹೆಂಡತಿ ಅಷ್ಟರಲ್ಲಿ ನಿನ್ನೆ ಉಳಿದ ಹಾಲಿನಲ್ಲಿ ಒಂದು ಪಾತ್ರೆ ಚಹಾ ಮಾಡಿಟ್ಟು ನೀರಿಗೆ ಹೋಗಿದ್ದಳು. ಮೈಲಮ್ಮ ಬಂದು ಹಾಲು ಬಗ್ಗಿಸಿದಳು. ಅವನು ಹಾಲಿನ ಚಹಾ ಸೋಸಿ ಒಂದು ಲೋಟ ಅವಳ ಮುಂದಿಟ್ಟ.

"ಬ್ಯಾಡಣ್ಣ, ನನಗ ಕರಿ ಚಾ ಕೊಡು. ಪಿತ್ತ ಆಗೇತಿ."

"ಏಳೆಂಟು ತಿಂಗಳಿಂದ ಪಿತ್ತನ ಆಗೇತೇನು ನಿನಗ?"

ಅವಳು ಲೋಟ ನೋಡಿದಳು, ಅವನ ಮುಖ ನೋಡಿದಳು. ಬೆಂಚಿನ ಮೇಲೆ ಏಕಾಂತಪ್ಪ ಪೇಪರು ಮಗುಚಿದ ಸದ್ದು ಕೇಳಿಸಿತು.

"ನೋಡಿದೇನು?" ಎಂದಳು ತಗ್ಗಿದ ದನಿಯಲ್ಲಿ.

"ನೋಡಿದೆ."

"ನೀರು ಹಾಕಿಲ್ಲಣ್ಣ."

"ಅದನ್ನೂ ನೋಡಿದೆ."

ಮೈಲಮ್ಮ ಅಳಲಿಲ್ಲ. ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಕ್ಯಾನಿನ ಹಿಡಿಕೆಯ ಮೇಲೆ ಕೈಯಿಟ್ಟು, ಯಾರಿಗೋ ಊರಿನ ದಾರಿ ಹೇಳುವಂತೆ ಹೇಳಿದಳು. ಮೂರು ಎಮ್ಮೆಗಳಲ್ಲಿ ಹಳೆಯದು ಗಬ್ಬ ನಿಲ್ಲದೆ ಬತ್ತಿಹೋಯಿತು. ಉಳಿದೆರಡರದು ಎರಡು ಹೊತ್ತಿನದೂ ಸೇರಿ ಆರು ಲೀಟರ್. ಮಗ ಬೀರಲಿಂಗೇಶ, ಹಳೆಯದನ್ನು ಮಾರಿ ಜರ್ಸಿ ಆಕಳು ತರೋಣ, ಹಾಲು ಊರ ಡೈರಿಗೇ ಹಾಕೋಣ ಎನ್ನುತ್ತಾನೆ.

"ಖರೇ ಹೇಳಬೇಕಂದ್ರ ಮೊದ್ಲು ಒಂದು ಪಾಕೀಟಿಗೆ ರುಪಾಯಿನೋ ಎರಡೋ ಉಳೀತಿತ್ತು. ಈಗ ಏರಿದ ಮ್ಯಾಲೆ ಕೈಯಿಂದ ಹೋಗಾಕ ಹತ್ತೇತಿ. ಅದಕ್ಕ ಕೇಳಿದೆ."

"ಆರೇ ಲೀಟರ್ ಅದಾವ ಅಂತ ಮೊದಲ ಹೇಳಬೇಕಿತ್ತಲ್ಲ ನೀನು!"

"ಹೇಳಿದ್ರ ಹತ್ತು ಕೊಡೋರನ್ನ ಹುಡುಕ್ತಿದ್ದಿ."

ಅವನು ಇಲ್ಲ ಎನ್ನಲು ಬಾಯಿ ತೆರೆದ. ಬೂತಿನ ಮುಂದೆ ತಾನು ನಿಂತಿದ್ದು ಕಣ್ಣ ಮುಂದೆ ಬಂತು. ಒಲೆಯ ಉರಿ ತಗ್ಗಿಸಿದ.

"ಡೈರಿಗೆ ಹಾಕಬೋದಿತ್ತಣ್ಣ. ಅಲ್ಲಿ ನನಗ ನಂಬರ್ ಅಂತಾರ. ಇಲ್ಲಿ ಬಂದ್ರ ಮೈಲಮ್ಮ ಅಂತೀರಿ." ಅವಳು ಸೆರಗು ಸರಿಮಾಡಿಕೊಂಡಳು. "ಆತು. ನಾಳಿಂದ ಬ್ಯಾರೆಯವರನ್ನ ನೋಡ್ಕೋ."

ಅವನು ಒಲೆ ಬಿಟ್ಟು ಹೊರಗೆ ಬರುವುದರೊಳಗೆ ರಸ್ತೆ ದಾಟಿದ್ದಳು. ಕ್ಯಾನು ಅಲ್ಲೇ ಉಳಿಯಿತು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಪಕ್ಕೀರಪ್ಪ ಬೂತಿನಿಂದ ಇಪ್ಪತ್ತು ಪಾಕೀಟು ತಂದ. ಗಟ್ಟಿ ಹಾಲೂ ಅಲ್ಲ, ಎಲ್ಲರೂ ಒಯ್ಯುವ ಅಗ್ಗದ್ದು. ಸ್ವಲ್ಪ ಹೆಚ್ಚು ಹೊತ್ತು ಕುದಿಸಿದ. ಗಿರಾಕಿಗಳು ಎಂದಿನಂತೆ ಕುಡಿದು ಎಂದಿನಂತೆ ಹೋದರು. ಏಕಾಂತಪ್ಪನವರಂತೂ ಲೋಟ ಬೆಳಕಿಗೆ ಹಿಡಿದು, "ಎಮ್ಮಿ ಹಾಲಂದ್ರ ಎಮ್ಮಿ ಹಾಲಪ್ಪ," ಎಂದರು. ಶಾಂತಕುಮಾರಿ ಗಂಡನ ಕಡೆ ನೋಡಿ ನಕ್ಕಳು. ಸಂಜೆ ಗಲ್ಲೆಯಲ್ಲಿ ಉಳಿದ ದುಡ್ಡೂ ಹೆಚ್ಚೇ.

ಹೀಗೆ ನಡೆಸಿಕೊಂಡು ಹೋಗಬಹುದಿತ್ತು. ಯಾರೂ ಕೇಳುವವರಿರಲಿಲ್ಲ. ಆದರೆ ಎರಡನೆಯ ದಿನ ಚಹಾ ಸೋಸುತ್ತ ಪಕ್ಕೀರಪ್ಪ ಒಂದು ವಿಷಯ ಗಮನಿಸಿದ: ಬೆಳಗಿನಿಂದ ತಾನು ಯಾರ ಮುಖವನ್ನೂ ನೆಟ್ಟಗೆ ನೋಡಿರಲಿಲ್ಲ. "ಎಮ್ಮಿ ಹಾಲಪ್ಪ" ಎಂದು ಯಾರಾದರೂ ಅಂದರೆ ಒಲೆಯ ಕಡೆ ತಿರುಗುತ್ತಿದ್ದ. ಮೈಲಮ್ಮ ಕರಿ ಚಹಾ ಕುಡಿದು ಬೇಗ ಬೇಗ ಬಸ್ಸಿಗೆ ಓಡುತ್ತಿದ್ದುದು ಯಾಕೆಂದು ಆಗ ತಿಳಿಯಿತು.

ಮೂರನೆಯ ದಿನ ಮಧ್ಯಾಹ್ನ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ಕ್ಯಾನು ಹಿಡಿದು ಬಸ್ಸು ಹತ್ತಿದ. ಕಂಡಕ್ಟರು, "ಏನಣ್ಣ, ಹಾಲಿನ ಧಂದಾ ಶುರು ಮಾಡಿದೇನು?" ಎಂದ. ಹದಿಮೂರು ವರ್ಷದಲ್ಲಿ ಆ ಊರಿಗೆ ಅವನು ಹೋಗುತ್ತಿದ್ದುದು ಅದೇ ಮೊದಲು. ಎಲ್ಲಿ ಇಳಿಯಬೇಕೆಂದು ಕಂಡಕ್ಟರನ್ನೇ ಕೇಳಬೇಕಾಯಿತು.

ಮೈಲಮ್ಮ ಕೊಟ್ಟಿಗೆಯ ಮುಂದೆ ಎಮ್ಮೆಗಳಿಗೆ ಜೋಳದ ಸೊಪ್ಪೆ ಕೊಚ್ಚುತ್ತಿದ್ದಳು. ಅವನನ್ನು ಕಂಡು ಕುಡುಗೋಲು ಕೆಳಗಿಟ್ಟು ಎದ್ದಳು.

"ಕ್ಯಾನ್ ಕೊಡಾಕ ಇಷ್ಟು ದೂರ ಬಂದೇನು? ಯಾರ ಕೈಯಾಗರ ಕಳಿಸಿದ್ರ ಆಗ್ತಿತ್ತು."

"ನಾನೂ ಬೂತಿಗೆ ಹೋಗಿದ್ದೆ ಮೈಲಮ್ಮ," ಎಂದ ಪಕ್ಕೀರಪ್ಪ, ಕೂರುವ ಮೊದಲೇ. "ನೀನು ರೇಟು ಕೇಳಿದ ಮರುದಿನನ. ನಿನ್ನ ಹಾಲಿನಾಗ ನಾಕು ಲೀಟರ್ ಕಡಿಮಿ ಮಾಡಿ ಪಾಕೀಟು ಸೇರಿಸಬೇಕಂತ. ಎಂಟು ಪಾಕೀಟು. ನಿನ್ನ ಲೆಕ್ಕನ."

ಮೈಲಮ್ಮ ಅವನನ್ನೇ ನೋಡಿದಳು. ನಗುವಿನಂಥದೇನೋ ಅವಳ ತುಟಿಯ ತನಕ ಬಂದು ನಿಂತಿತು.

"ನಿನ್ನ ಕಡಿ ಆರು ಐತೇನು, ಆರು ತಾ," ಎಂದ ಅವನು. "ನೀ ಕೇಳಿದ ರೇಟು ಕೊಡ್ತೀನಿ. ಆರು ಲೀಟರ್ ತೀರೋತನ ಎಮ್ಮಿ ಹಾಲಿನ ಚಾ, ಹನ್ನೆರಡು ರುಪಾಯಿ. ಆಮ್ಯಾಲೆ ಪಾಕೀಟಿನ ಚಾ, ಹತ್ತು. ಹೇಳೇ ಕೊಡ್ತೀನಿ."

"ಹೇಳಿದ್ರ ಜನ ಎದುರಿನಂವನ ಹತ್ರ ಹೋಗ್ತಾರ."

"ಹೋಗೋರು ಹೋಗ್ಲಿ."

"ಶಾಂತಕ್ಕ ಏನಂತಾಳ?"

"ಬೈತಾಳ."

ಈ ಸಲ ಅವಳು ನಕ್ಕೇ ಬಿಟ್ಟಳು. ಕ್ಯಾನು ತೆಗೆದುಕೊಂಡು ಒಳಗೆ ಹೋಗುತ್ತ, "ನೋಡು ಹಂಗಾರ ನನ್ನ ಎಮ್ಮಿಗಳ್ನ. ಇಷ್ಟು ವರ್ಷ ಹಾಲು ಕುಡದೀ, ಮಾರಿ ನೋಡಿಲ್ಲ ನೀನು," ಎಂದಳು.

ಕೊಟ್ಟಿಗೆಯೊಳಗೆ ತಂಪಿತ್ತು. ಎಳೆಯವೆರಡು ಗೋದಲಿಯಲ್ಲಿ ಮುಖ ಹುದುಗಿಸಿ ಮೇಯುತ್ತಿದ್ದವು. ಮೂರನೆಯದು ಆಚೆ ಮೂಲೆಯಲ್ಲಿ ಮಲಗಿತ್ತು. ಪಕ್ಕೆಲುಬು ಎದ್ದಿದ್ದವು, ಒಂದು ಕೋಡಿನ ತುದಿ ಸವೆದಿತ್ತು. ಒಳಗಿನಿಂದ ಮೈಲಮ್ಮನ ದನಿ ಬಂತು: "ಅದ ನೋಡು ಮುದುಕಿ. ನಿನ್ನ ಅಂಗಡಿ ಸುರು ಆದಾಗ ಬಂದ ಹಾಲು ಅದರದ. ಮೊದಲ ಸೂಲು ಅವಾಗ ಅದಕ್ಕ, ಚೊಚ್ಚಲ ಕರು ಹಾಕಿತ್ತು."

ಪಕ್ಕೀರಪ್ಪ ಅದರ ಹತ್ತಿರ ಕುಕ್ಕರಗಾಲಲ್ಲಿ ಕೂತ. ಎಮ್ಮೆ ಕಣ್ಣು ಅರ್ಧ ತೆರೆದು, ಮೂಗು ಚಾಚಿ ಅವನ ಮುಂಗೈ ಮೂಸಿತು. ದಾರಿಯುದ್ದಕ್ಕೂ ಬಿಸಿಲಲ್ಲಿ ಬೆವರಿ, ಕೈಯೆಲ್ಲ ಉಪ್ಪಾಗಿತ್ತು. ಅದು ನಿಧಾನವಾಗಿ ನೆಕ್ಕತೊಡಗಿತು. ನಾಲಿಗೆ ಒರಟಾಗಿತ್ತು, ಒಲೆಯ ಬಿಸಿಗೆ ಸುಟ್ಟು ಕಲೆಯಾದ ಚರ್ಮದ ಮೇಲೆ ಹಾದಾಗ ಸ್ವಲ್ಪ ಉರಿಯಿತು. ಅವನು ಕೈ ಎಳೆದುಕೊಳ್ಳಲಿಲ್ಲ. ಅಂಗಿಯ ತೋಳನ್ನು ಇನ್ನಷ್ಟು ಮೇಲಕ್ಕೆ ಮಡಿಚಿದ.