ಮಾಸ್ತರರ ಎಡಗೈ ಮಣಿಕಟ್ಟು

ಹಾಡು ಯಾವುದೇ ಇರಲಿ, ಶುರುವಾಗುವ ಮುನ್ನ ನಮ್ಮ ನಗರಸಭೆ ಬ್ಯಾಂಡಿನ ಮಾಸ್ತರರು ತಮ್ಮ ನಾಡಿಯನ್ನು ತಾವೇ ಹಿಡಿದು ನೋಡಿಕೊಳ್ಳುತ್ತಿದ್ದರು. ಎಡತೋಳಿನ ಕೋಟನ್ನು ಮೇಲಕ್ಕೆ ಸರಿಸಿ, ಬಲಗೈಯ ಎರಡು ಬೆರಳನ್ನು ಮಣಿಕಟ್ಟಿನ ಮೇಲಿಟ್ಟು, ಕಣ್ಣು ಮುಚ್ಚಿ, ತಾವೇ ವೈದ್ಯರೂ ತಾವೇ ರೋಗಿಯೂ ಆಗಿ ಒಂದಿಷ್ಟು ಹೊತ್ತು ನಿಂತು, ಆಮೇಲೆ ಏನೋ ಶುಭವಾರ್ತೆ ಕೇಳಿದವರಂತೆ ತಲೆಯಾಡಿಸಿ ಕೋಲು ಎತ್ತುತ್ತಿದ್ದರು. ಅವರ ನಾಡಿಯ ಗತಿಯೇ ಆ ಹೊತ್ತಿನ ಸಂಗೀತದ ಗತಿ. ಕೋಟಿನ ಎಡತೋಳಿನ ಅಂಚು ಸವೆದು ಕನ್ನಡಿಯಾಗಿದ್ದುದು ಇದರಿಂದಲೇ.

ಆ ಕೋಟಿನದೇ ಒಂದು ಕಥೆ. ದಪ್ಪ ನೀಲಿ ಉಣ್ಣೆಯದು, ಹಿತ್ತಾಳೆ ಗುಂಡಿಗಳದ್ದು. ಹೊಲಿಸಿದ ಮೇಲೆ ಮಾಸ್ತರರ ಮೈ ಬೆಳೆಯಿತು, ಕೋಟು ಬೆಳೆಯಲಿಲ್ಲ; ಆದರೂ ಬಿರುಬೇಸಗೆಯಲ್ಲಿ ಕೂಡ ಅವರು ಅದನ್ನು ಕಳಚಿದವರಲ್ಲ. ನಡಿಗೆಯೂ ಕವಾಯತೇ. ಪಕ್ಕದಲ್ಲಿ ಬರುವವನ ಹೆಜ್ಜೆ ತಪ್ಪಿದರೆ ನಡುರಸ್ತೆಯಲ್ಲೇ ನಿಲ್ಲಿಸಿ, ಎಡಗಾಲಿನಿಂದ ಮತ್ತೆ ಹೊರಡಿಸುತ್ತಿದ್ದರು. ಪ್ರತಿ ಮಾತಿನ ಕೊನೆಗೂ "ಹೌದೋ ಅಲ್ಲವೋ?" ಎಂದು ಕೇಳಿ, ಎದುರಿನವನು ಬಾಯಿ ತೆರೆಯುವಷ್ಟರಲ್ಲಿ "ಹೌದು" ಎಂದು ತಾವೇ ಮುಗಿಸುವುದು ಅವರ ಪದ್ಧತಿ. ಅದೇ ಬ್ಯಾಂಡಿನ ಹಿಂದಿನ ಸಾಲಿನಲ್ಲಿ ನಾನು ಕ್ಲ್ಯಾರಿನೆಟ್ ಹಿಡಿದು ಕೂರುತ್ತಿದ್ದೆ. ನುಡಿಸುತ್ತಿದ್ದೆ ಎಂದರೆ ಅತಿಶಯೋಕ್ತಿಯಾದೀತು.

ಒಮ್ಮೆ ಯಾರೋ ಸಂಗೀತಪ್ರೇಮಿಗಳು ಟಕ್ ಟಕ್ ಎಂದು ತಾಳ ಹೇಳುವ ಯಂತ್ರವೊಂದನ್ನು ಅವರಿಗೆ ಉಡುಗೊರೆ ಕೊಟ್ಟರು. ಮಾಸ್ತರರು ಅದನ್ನು ಎಲ್ಲ ದಿಕ್ಕಿನಿಂದಲೂ ಪರೀಕ್ಷಿಸಿ, "ಇದಕ್ಕೆ ಜ್ವರ ಬರತ್ತಾ? ಸಿಟ್ಟು ಬರತ್ತಾ? ಹಾಗಾದ್ರೆ ಇದಕ್ಕೆ ಸಂಗೀತ ಏನು ಗೊತ್ತು? ಹೌದೋ ಅಲ್ಲವೋ? ಹೌದು" ಎಂದು ತೀರ್ಪು ಕೊಟ್ಟರು. ಅಂದಿನಿಂದ ಅದು ಅವರ ಮನೆಯ ಕಿಟಕಿಯ ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ನಿಂತಿತು.

ಮಾಸ್ತರರ ಈ ಸಿದ್ಧಾಂತದ ಪೂರ್ಣ ಲಾಭ ಪಡೆದವರು ನಾವು. ಅಭ್ಯಾಸದ ಕೋಣೆ ನಗರಸಭೆಯ ಮೂರನೇ ಮಹಡಿಯಲ್ಲಿತ್ತು; ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದವರು ನಾಡಿ ಹಿಡಿದರೆ ಇನ್ನೇನಾದೀತು, ಮೊದಲ ಹಾಡು ಸದಾ ನಾಗಾಲೋಟ. ಮಧ್ಯಾಹ್ನ ಊಟವಾದ ಮೇಲೆ ಅದೇ ಹಾಡು ತೂಕಡಿಸುತ್ತಿತ್ತು. ಟ್ರಂಬೋನಿನವನಿಗೆ ಬಸ್ಸು ಹಿಡಿಯುವ ಅವಸರವಿದ್ದ ದಿನ, ಅವನು ಪಕ್ಕದೂರಿನ ಬ್ಯಾಂಡ್ ಮಾಸ್ತರನನ್ನು ಎರಡು ಮಾತು ಹೊಗಳುತ್ತಿದ್ದ. ಮಾಸ್ತರರ ಮುಖ ಕೆಂಪಾಗುತ್ತಿತ್ತು, ನಾಡಿ ಹಾರುತ್ತಿತ್ತು, ಅಭ್ಯಾಸ ಬೇಗ ಮುಗಿಯುತ್ತಿತ್ತು.

ಹಳೆಯ ನಗರಾಧ್ಯಕ್ಷರ ಅಂತಿಮಯಾತ್ರೆಯನ್ನಂತೂ ಊರು ಮರೆತಿಲ್ಲ. ಅಂದು ಮಾಸ್ತರರಿಗೆ ಮೈ ಸುಡುವ ಜ್ವರ. ಬೇಡವೆಂದರೂ ಕೇಳದೆ ಬಂದು, ನಾಡಿ ಹಿಡಿದು, ಕೋಲು ಎತ್ತಿದರು. ಶೋಕಗೀತೆ ಹೊರಟ ರಭಸಕ್ಕೆ ಹೆಗಲು ಕೊಟ್ಟವರು ಮೊದಲು ಬೀಸುಗಾಲು ಹಾಕಿದರು, ಆಮೇಲೆ ಓಡಿದರು. ಹಿಂದೆ ಗಣ್ಯರು ಟೋಪಿ ಹಿಡಿದುಕೊಂಡು ಓಡಿದರು. ಇಷ್ಟಾದರೂ ಮಾಸ್ತರರಿಗೆ ತೃಪ್ತಿಯಿಲ್ಲ. "ಎಲ್ಲಾ ಎಷ್ಟು ಎಳೆದೂ ಎಳೆದೂ ನುಡಿಸ್ತೀರೋ!" ಎಂದು ನಮ್ಮನ್ನೇ ಗದರಿಸಿದರು. ಜೀವಮಾನವಿಡೀ ಪ್ರತಿ ಸಮಾರಂಭಕ್ಕೂ ತಡವಾಗಿ ಬಂದು ಹೆಸರಾಗಿದ್ದ ಆ ಅಧ್ಯಕ್ಷರ ಹೆಂಡತಿ ಕಣ್ಣೊರೆಸಿಕೊಳ್ಳುತ್ತ, "ಇವತ್ತಾದ್ರೂ ಹೊತ್ತಿಗೆ ಮುಂಚೆ ತಲುಪಿದ್ರು" ಎಂದರಂತೆ.

ಆ ನಾಡಿಯೇ ಒಂದು ದಿನ ಕೈಕೊಟ್ಟಿತು. ಮಾಸ್ತರರು ಎರಡನೇ ಮಹಡಿಯ ತಿರುವಿನಲ್ಲಿ ಕುಸಿದು ಕೂತರು. ಡಾಕ್ಟರು ರಕ್ತದೊತ್ತಡ ನೋಡಿ ಗಾಬರಿಯಾಗಿ, ಎದೆಬಡಿತವನ್ನು ತಗ್ಗಿಸುವ ಮಾತ್ರೆ ಬರೆದರು. ಒಂದು ಹೊತ್ತೂ ತಪ್ಪಿಸಬಾರದೆಂದು ಕಟ್ಟುನಿಟ್ಟು ಮಾಡಿದರು.

ಮಾತ್ರೆ ಮಾಸ್ತರರನ್ನು ಉಳಿಸಿತು, ಬ್ಯಾಂಡನ್ನು ಮುಳುಗಿಸಿತು. ಅವರ ನಾಡಿ ಮಂದವಾಯಿತು. ಜೊತೆಗೆ ಅವರೊಳಗಿನ ಕಾಲವೂ ಮಂದವಾಯಿತು. ಅವರಿಗೆ ಮಾತ್ರ ಅದು ತಿಳಿಯಲಿಲ್ಲ; ಲೋಕಕ್ಕೇ ಹುಚ್ಚು ಅವಸರ ಹತ್ತಿದೆ ಎಂದುಕೊಂಡರು. "ಹಾಲು ಯಾಕಿಷ್ಟು ಬೇಗ ಉಕ್ಕತ್ತೆ? ಈ ಬಸ್ಸಿನವನಿಗೆ ಏನು ಬಂದಿದೆ ಧಾಡಿ?" ಗೋಡೆ ಗಡಿಯಾರವನ್ನು ಮತ್ತೆ ಮತ್ತೆ ರಿಪೇರಿಗೆ ಕಳಿಸಿ, ಅಂಗಡಿಯವನ ಕೈಲೂ ಜಗಳವಾಡಿದರು. ಕೊನೆಗೆ ಡಾಕ್ಟರೇ ಬಿಡಿಸಿ ಹೇಳಿದರು: "ಎಲ್ಲರ ಒಳಗೂ ಒಂದು ಗಡಿಯಾರ ಇರತ್ತೆ ಮಾಸ್ತರೇ. ಜ್ವರ ಬಂದ್ರೆ ಓಡತ್ತೆ, ಮೈ ತಣ್ಣಗಾದ್ರೆ ಕುಂಟತ್ತೆ. ಖುಷಿಗೆ, ಭಯಕ್ಕೆ ಮಿದುಳಲ್ಲಿ ಏನೇನೋ ರಸ ಹುಟ್ಟತ್ತೆ, ಆಗ ಅದರ ಆಟವೇ ಬೇರೆ. ನಿಮ್ಮದು ಅತಿಯಾಗಿ ಓಡ್ತಿತ್ತು. ನಾನು ಸ್ವಲ್ಪ ಬ್ರೇಕ್ ಹಾಕಿದೀನಿ, ಅಷ್ಟೇ."

"ಬ್ರೇಕ್ ನನಗೆ ಹಾಕಿ ಸ್ವಾಮಿ, ಹಾಡಿಗೆ ಯಾಕೆ ಹಾಕಿದ್ರಿ?" ಎಂದರು ಮಾಸ್ತರರು.

ಅಷ್ಟರಲ್ಲಿ ಶಾಲೆಗಳ ಕ್ರೀಡಾಕೂಟ ಹತ್ತಿರ ಬಂದಿತ್ತು. ಮಕ್ಕಳ ಕವಾಯತಿಗೆ ನುಡಿಸುವುದು ನಮ್ಮ ಕೆಲಸ. ಪೂರ್ವಾಭ್ಯಾಸದ ದಿನ ನಾವು ನುಡಿಸಿದ ಗತಿಗೆ, ಎಡಗಾಲು ಎತ್ತಿದ ಮಕ್ಕಳು ಅದನ್ನು ಯಾವಾಗ ಇಳಿಸಬೇಕೆಂದು ತಿಳಿಯದೆ, ಸಾಲುಸಾಲಾಗಿ ಒಂಟಿಕಾಲಲ್ಲಿ ತೂಗಾಡಿದವು. ಮುಂದಿನ ಸಾಲಿನ ದಡೂತಿ ಹುಡುಗನೊಬ್ಬ ಬಿದ್ದನು, ಬೀಳುತ್ತ ಇಡೀ ಸಾಲನ್ನು ಜೊತೆಗೆ ಕರೆದೊಯ್ದನು. ನಗರಸಭೆಯ ಅಧಿಕಾರಿ ಎದ್ದು ಬಂದು, "ಕ್ರೀಡಾಕೂಟದ ದಿನವೂ ಹೀಗೇ ಆದ್ರೆ ಬ್ಯಾಂಡು ಮುಚ್ಚಿ ಟೇಪು ಹಾಕಿಸ್ತೀನಿ" ಎಂದುಬಿಟ್ಟರು. ಆ ಕೋಲೊಂದು ಕೈತಪ್ಪಿದರೆ ಮಾಸ್ತರರು ಉಳಿಯುವುದಿಲ್ಲವೆಂದು ನಮಗೆಲ್ಲ ಅನ್ನಿಸಿತು.

ಮರುದಿನದಿಂದ ಗತಿ ಚುರುಕಾಗತೊಡಗಿತು. ನಾವು ಹಿಗ್ಗಿದೆವು. ಅದೇ ಹೊತ್ತಿಗೆ ಬ್ಯಾಂಡಿನ ಹಿಂದೆ ಕೂರುವ ಟ್ಯೂಬಾದವನು, ತನ್ನ ಆನೆಗಾತ್ರದ ಹಿತ್ತಾಳೆ ವಾದ್ಯದೊಳಗೆ ಏನೋ ಗಿಲಿಗಿಲಿ ಅನ್ನುತ್ತಿದೆಯೆಂದು ದೂರತೊಡಗಿದ. ಒಂದು ಮಧ್ಯಾಹ್ನ ಎಲ್ಲರೂ ಸೇರಿ ಅದನ್ನು ಬೋರಲು ಹಾಕಿ ತಟ್ಟಿದೆವು. ಒಳಗಿಂದ ಬಿಳಿ ಮಾತ್ರೆಗಳು ಉದುರಿ ನೆಲದ ತುಂಬ ಉರುಳಿದವು. ಬಾಗಿಲಲ್ಲಿ, ನೀರಿನ ಲೋಟ ಹಿಡಿದು, ಆ ಹೊತ್ತಿನ ಮಾತ್ರೆ ನುಂಗಿಸಲು ಎಂದಿನಂತೆ ಬಂದ ಮಾಸ್ತರರ ಹೆಂಡತಿ ನಿಂತಿದ್ದರು.

ಅವರು ನಮ್ಮ ದೊಡ್ಡ ಡ್ರಮ್ಮಿನವನ ಅಕ್ಕ. ಹಾಗಾಗಿ ನಮಗೆಲ್ಲ ಅಕ್ಕ. ಮಿತಭಾಷಿ. ಮೊಣಕಾಲೂರಿ ಮಾತ್ರೆಗಳನ್ನು ಸೆರಗಿಗೆ ಆಯ್ದುಕೊಂಡರು. ಆಮೇಲೆ ತಲೆಯೆತ್ತದೆ ಗಂಡನಿಗೆ ಹೇಳಿದರು: "ಕೋಲು ಬೇಕೋ ನಾನು ಬೇಕೋ ಅಂತ ನಾನು ಕೇಳಲ್ಲ ರೀ. ಕೇಳಿದ್ರೆ ನೀವು ಏನಂತೀರೋ ಅಂತ ಭಯ."

ಡ್ರಮ್ಮಿನವನು, "ನುಂಗಿಬಿಡಿ ಭಾವ" ಎಂದ. ಮಾಸ್ತರರು ಅಕ್ಕನ ಕೈಯಿಂದ ಒಂದು ಮಾತ್ರೆ ತೆಗೆದುಕೊಂಡು, ನಮ್ಮೆಲ್ಲರೆದುರು ನುಂಗಿ, ನೀರು ಕುಡಿದು, ಮಗುವಿನ ಹಾಗೆ ಕೇಳಿದರು: "ಮತ್ತೆ ಕವಾಯತಿನ ದಿನ ನಾನು ಯಾರ ನಾಡಿ ಹಿಡೀಲಿ?"

"ನಂದು ಹಿಡೀರಿ. ಅದೇನು ಸತ್ತಿದ್ಯಾ?" ಎಂದರು ಅಕ್ಕ.

ಕ್ರೀಡಾಕೂಟದ ದಿನ, ಊರೆಲ್ಲ ನೋಡುತ್ತಿರುವಂತೆ, ಅಕ್ಕ ಬ್ಯಾಂಡಿನ ಮುಂದೆ ಬಂದು ಗಂಡನ ಪಕ್ಕ ನಿಂತು ಕೈ ಚಾಚಿದರು. ಮದುವೆಯ ದಿನದಿಂದ ಈಚೆಗೆ ನಾಲ್ಕು ಜನರೆದುರು ಮಾಸ್ತರರು ಆ ಕೈ ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು. ಮರುಕ್ಷಣವೇ ಬೆಚ್ಚಿ ಕಣ್ಣು ತೆರೆದರು.

"ಏನೇ ಇದು, ಹೀಗೆ ಓಡ್ತಿದೆ?"

"ನೀವು ಕೈ ಹಿಡಿದಿದ್ದಕ್ಕೇ. ಬಿಟ್ರೆ ಸರಿಹೋಗತ್ತೆ."

ಅವರು ಬಿಡಲಿಲ್ಲ. ಒಂದು ಕೈ ಆ ಮಣಿಕಟ್ಟಿನ ಮೇಲೆ, ಇನ್ನೊಂದರಲ್ಲಿ ಕೋಲು; ಬ್ಯಾಂಡು ಎದ್ದು ಹಾರಿತು. ಮಕ್ಕಳು ಕೇಕೆ ಹಾಕುತ್ತ ಮೈದಾನ ಸುತ್ತಿಬಂದವು, ಹಿಂದೆ ಟೀಚರುಗಳು ಚಪ್ಪಲಿ ಕೈಗೆತ್ತಿಕೊಂಡು ಓಡಿದರು, ಮುಖ್ಯ ಅತಿಥಿಗಳು ವಂದನೆಗೆ ಎತ್ತಿದ ಕೈ ಹಣೆ ಮುಟ್ಟುವಷ್ಟರಲ್ಲಿ ಕವಾಯತು ಮುಗಿದಿತ್ತು. ಬಿಸಿಲಿಗೆ ಬೆಂದಿದ್ದ ಅಧಿಕಾರಿ ನಿಟ್ಟುಸಿರಿಟ್ಟು, "ಇದಪ್ಪ ಗತಿ ಅಂದ್ರೆ! ಮುಂದಿನ ವರ್ಷವೂ ಹೀಗೇ ಇರಲಿ" ಎಂದರು.

ಇಂಥವರು ಎಲ್ಲ ಊರಲ್ಲೂ ಇರುತ್ತಾರೆ. ತಮಗೆ ಹಸಿದರೆ ಮನೆಮಂದಿಗೆಲ್ಲ ಹಸಿವೆಂದೂ, ತಮಗೆ ನಿದ್ದೆ ಬಂದರೆ ಊರಿಗೇ ರಾತ್ರಿಯಾಯಿತೆಂದೂ, ತಮ್ಮ ರಕ್ತದೊಳಗೆ ಹರಿಯುವ ಹೊತ್ತೇ ಲೋಕದ ಹೊತ್ತೆಂದೂ ಪ್ರಾಮಾಣಿಕವಾಗಿ ನಂಬಿದವರು. ಸುತ್ತಲಿನವರು ನಗುತ್ತ, ಗೊಣಗುತ್ತ ತಮ್ಮ ಹೆಜ್ಜೆಯನ್ನೇ ಬದಲಿಸಿಕೊಳ್ಳುವುದರಿಂದ ಇವರಿಗೆ ತಮ್ಮ ತಾಳ ತಪ್ಪಿದ್ದು ಗೊತ್ತಾಗುವುದೇ ಇಲ್ಲ. ಪಕ್ಕದಲ್ಲಿ ನಿಂತವರೊಳಗೂ ಇಷ್ಟು ವರ್ಷ ಒಂದು ನಾಡಿ ಬಡಿಯುತ್ತಲೇ ಇತ್ತೆಂಬುದು ಎಲ್ಲೋ ಒಬ್ಬಿಬ್ಬರಿಗೆ, ಅದೂ ತೀರ ತಡವಾಗಿ ತಿಳಿಯುತ್ತದೆ. ತಿಳಿದ ಮೇಲೆ ಮಾತ್ರ ಅವರು ಆ ಕೈಯನ್ನು ಸುಲಭಕ್ಕೆ ಬಿಡುವವರಲ್ಲ.