ಒಡೆದು ಒಯ್ದ ಹಾಡು

“ಒಡೀತಿ ಅಂದ್ರ?” ಅಂದಪ್ಪ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ. “ಹಾಡು ನಡುವ ಕಡಿದು ಹೋತಂದ್ರ?”

“ಹೋಗೂದಿಲ್ರಿ ದೊಡ್ಡಪ್ಪ. ಕುಂಡ್ರಿ,” ಎಂದಳು ಸ್ನೇಹಾ. ಅವಳು ಅಂದಪ್ಪನ ತಮ್ಮನ ಮಗಳು. ಮುಂಡರಗಿಯ ಅವನ ವಿಡಿಯೊ ಸ್ಟುಡಿಯೊವನ್ನು ಈಗ ನಡೆಸುತ್ತಿದ್ದವಳು ಅವಳೇ. “ಈ ಪೆನ್‌ಡ್ರೈವ್ ಇಷ್ಟು ದೊಡ್ಡ ಫೈಲ್ ಒಂದಾ ಸಲಕ್ಕ ನುಂಗೂದಿಲ್ಲ. ಸಣ್ಣ ಸಣ್ಣ ತುಂಡು ಮಾಡಿ ಹಾಕ್ತೀನಿ. ಅಲ್ಲಿ ಜೋಡಿಸಿದ್ರ ಮೊದಲಿನಂಗ ಆಕ್ಕೈತಿ. ಒಂದು ತುಂಡು ಕೆಟ್ರೂ ಮಾತ್ರ ತೆರ್ಯಾಂಗಿಲ್ಲ.”

ಕಪ್ಪು ಪರದೆಯ ಮೇಲೆ ಅವಳು ಒಂದು ಸಾಲು ಬರೆದು ಎಂಟರ್ ಒತ್ತಿದಳು. ಚಿತ್ರವಿಲ್ಲ, ಬಣ್ಣವಿಲ್ಲ, ತುಂಡುಗಳ ಹೆಸರು ಮಾತ್ರ ಒಂದರ ಕೆಳಗೊಂದು ಮೂಡತೊಡಗಿದವು. ಹಿಂದೆ ಬೆಳ್ಳಟ್ಟಿಯಲ್ಲಿ ತಾನೇ ಚಿತ್ರಿಸಿದ್ದ ನಾಟಕ ಹೀಗೆ ಬಿಳಿ ಅಕ್ಷರಗಳಾಗುವುದನ್ನು ಅಂದಪ್ಪ ಕಣ್ಣು ಕಿರಿದು ಮಾಡಿ ನೋಡಿದ.

ಆಗ ಅವನ ಹೆಗಲ ಮೇಲೆ ಕಲ್ಲಿನಂಥ ಕ್ಯಾಮೆರಾ, ರಂಗದ ಪಕ್ಕ ಹಾರ್ಮೋನಿಯಂ ಪೇಟಿ ಹಿಡಿದು ಕೂತ ಗೆಳೆಯ ಅಬ್ದುಲಗನಿ. ಜನ ಬರುತ್ತಿದ್ದುದು ಪಾತ್ರಧಾರಿಗಳನ್ನು ನೋಡಲಿಕ್ಕಲ್ಲ, ಗನಿಯ ಹಾಡು ಕೇಳಲಿಕ್ಕೆ. ಶಿರಹಟ್ಟಿ, ಮಲ್ಲಸಮುದ್ರ, ಎಲ್ಲಿ ನಾಟಕವಿದ್ದರೂ ಒಂದೇ ಲೂನಾದ ಮೇಲೆ ಇಬ್ಬರೂ ಹೋಗುತ್ತಿದ್ದರು, ನಡುವೆ ಪೇಟಿ. ಏರು ಬಂದರೆ ಅಂದಪ್ಪ ಇಳಿದು ತಳ್ಳಬೇಕು. ಗನಿ ಕೂತಲ್ಲಿಂದಲೇ ಹಾಡುತ್ತ ಹುರಿದುಂಬಿಸುತ್ತಿದ್ದ.

ಆ ಗಂಟಲಿಗೆ ಆಪರೇಶನ್ ಆಗಿ ದನಿಯೇ ಹೋಗಿತ್ತು. ಖಬರು ಕೇಳಿದ ಮೇಲೆ ಅಂದಪ್ಪ ಗನಿಯ ಊರಾದ ಲಕ್ಷ್ಮೇಶ್ವರಕ್ಕೆ ಕಾಲಿಟ್ಟಿರಲಿಲ್ಲ. ಮಾತಾಡಲಾರದ ಗೆಳೆಯನ ಮುಂದೆ ತಾನೇನು ಮಾತಾಡಲಿ? ನಾಳೆ ಹೋದರಾಯಿತು ಎಂದುಕೊಳ್ಳುತ್ತಲೇ ವರ್ಷಗಳು ಕಳೆದಿದ್ದವು. ಮೊನ್ನೆ ಅಟ್ಟದಲ್ಲಿ ಬೆಳ್ಳಟ್ಟಿ ನಾಟಕದ ಕ್ಯಾಸೆಟ್ ಸಿಕ್ಕಾಗ, ಇನ್ನು ತಡೆಯಲಾಗಲಿಲ್ಲ.

ಲಕ್ಷ್ಮೇಶ್ವರದಲ್ಲಿ ಬಸ್ಸಿಳಿದು ಮನೆ ಹುಡುಕಿಕೊಂಡು ಹೋದಾಗ ಗನಿ ಕಟ್ಟೆಯ ಮೇಲೆಯೇ ಕೂತಿದ್ದ. ಕೊರಳಿಗೆ ಬಿಳಿ ಬಟ್ಟೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಅಂದಪ್ಪನಿಗೆ ಮರೆತುಹೋಯಿತು.

“ಲೇ ಗನಿ, ಭಾಳ ಸೊರಗಿ ಬಿಟ್ಟೀಯಲ್ಲೋ.”

ಗನಿ ಎದ್ದು ಬಂದು ಅವನ ಹೊಟ್ಟೆಗೆ ಪಟ್ಟೆಂದು ಹೊಡೆದು, ಸದ್ದಿಲ್ಲದೆ ಮೈಯೆಲ್ಲ ಕುಲುಕಿಸಿ ನಕ್ಕ.

ಆದರೆ ಒಳಗೆ ಗನಿಯ ಮಗ ಅಝೀಮ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕಿದಾಗ, “ನಿನ್ನ ಬೆಳ್ಳಟ್ಟಿ ಹಾಡು ತಂದೀನಿ” ಎಂದು ಅಂದಪ್ಪ ಹೇಳಿದ್ದೇ ತಡ, ಗನಿಯ ನಗು ಆರಿತು. ಅವನು ಎದ್ದು ಅಡುಗೆಮನೆಗೆ ಹೋಗಿಬಿಟ್ಟ.

“ನಮ್ಮ ಅಬ್ಬಾ ತಮ್ಮ ಹಳೇ ಹಾಡು ಕೇಳಾಕ ಒಪ್ಪೂದಿಲ್ರಿ ಕಾಕಾ,” ಅಝೀಮ ದನಿ ತಗ್ಗಿಸಿದ. “ನನ್ನ ಫೋನಿನ್ಯಾಗಿದ್ದ ಎರಡು ಹಾಡೂ ಅವರಾ ಅಳಿಸಿದ್ರು. ನನ್ನ ಮಗಳು ಅಜ್ಜನ ದನಿನಾ ಕೇಳಿಲ್ಲ.”

 ಅಂದಪ್ಪನಿಗೆ ತಾನು ಗಾಯಕ್ಕೆ ಉಪ್ಪು ಹಚ್ಚಲು ಬಂದಂತಾಯಿತಲ್ಲ ಎನಿಸಿತು. ಅಷ್ಟರಲ್ಲಿ ಅಝೀಮ ಹೇಳಿದ: “ಕೂಡವಲ್ಲದು ಕಾಕಾ. ಹದಿನಾಕನೇ ತುಂಡು ಕೆಟ್ಟೈತಿ ಅಂತೈತಿ.”

ಬಿಟ್ಟುಬಿಡು ಎಂದರೆ ಮುಗಿಯುತ್ತಿತ್ತು. ಮಾತು ತುಟಿಗೂ ಬಂದಿತ್ತು. ಆದರೂ ಅಂದಪ್ಪ ಫೋನು ತೆಗೆದು ಸ್ನೇಹಾಳಿಗೆ ಹಚ್ಚಿದ.

“ಉಳದದ್ದೆಲ್ಲ ಹಂಗಾ ಇರ್ಲಿರಿ ದೊಡ್ಡಪ್ಪ. ಅದೊಂದನ್ನ ಇಲ್ಲಿಂದ ಕಳಸ್ತೀನಿ,” ಎಂದಳು ಅವಳು.

ಆ ಒಂದು ತುಂಡು ಬರುವುದರೊಳಗೆ ಚಹಾ ತಣ್ಣಗಾಯಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ಇರಲಿಲ್ಲ. ಅಝೀಮ ಮತ್ತೊಮ್ಮೆ ಜೋಡಿಸಿದ. ಪರದೆ ಬೆಳಗಿತು. ಮಸುಕು ಬಣ್ಣದ ಮಂಟಪ, ಗದ್ದಲ, ಆಮೇಲೆ ಪೇಟಿಯ ಸ್ವರ. ಕಪ್ಪು ಮೀಸೆಯ ಗನಿ ತಲೆಯೆತ್ತಿದ.

“ಕದವ ತೆರೆದಿಡು ತಂಗಿ, ಬರುವವರು ಬರಲಿ...”

ಮೊಮ್ಮಗಳು ಆಟ ಬಿಟ್ಟು ಬಂದು ಅಪ್ಪನ ತೊಡೆ ಏರಿದಳು. “ಯಾರಿವರು?”

ಅಝೀಮ ಅಡುಗೆಮನೆಯತ್ತ ಕೈ ತೋರಿದ. ಅಂದಪ್ಪ ತಿರುಗಿ ನೋಡಿದ. ಗನಿ ಅಡುಗೆಮನೆಯ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದ. ಕಣ್ಣು ಮುಚ್ಚಿದ್ದವು. ಪ್ರತಿ ಸಾಲಿಗೂ ಅವನ ತುಟಿಗಳು ಹಾಡಿಗಿಂತ ಒಂದು ಚಣ ಮೊದಲೇ ಅಲುಗುತ್ತಿದ್ದವು.