ಮೇಲಿನ ಮನೆಯಿಂದ ಇಳಿದ ನೀರು

ನಮ್ಮ ದಿನ್ನಿ ಓಣಿಯಲ್ಲಿ ಒಂಬತ್ತು ಮನೆಗಳು. ವಿದ್ಯಾನಗರದ ದೊಡ್ಡ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಓಣಿ ಒಮ್ಮೆಲೇ ಏರುತ್ತದೆ. ಎಲ್ಲಕ್ಕಿಂತ ಕೆಳಗಿನದು ನಮ್ಮ ಮನೆ. ಅದರ ಮುಂದಿನ ಕೋಣೆಯಲ್ಲಿ, ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಬ್ಬಾನ ವೈಂಡಿಂಗ್ ಅಂಗಡಿ. ಎಲ್ಲಕ್ಕಿಂತ ಮೇಲಿನದು ರೊಟ್ಟಿ ಮಾಡಿ ಮಾರುವ ಗೌರಕ್ಕನ ಮನೆ. ಅವರ ಹೊಸ್ತಿಲು ನಮ್ಮ ಮಾಳಿಗೆಯ ಮಟ್ಟಕ್ಕಿದೆ. ನಳ ಬಂದ ದಿನ ಮೋಟಾರು ಹಚ್ಚಿದರೂ ಅಷ್ಟು ಎತ್ತರಕ್ಕೆ ನೀರು ಏರುತ್ತಿರಲಿಲ್ಲ. ಹನ್ನೆರಡು ವರ್ಷಗಳಿಂದ ಗೌರಕ್ಕ ನಮ್ಮ ಅಂಗಳದ ನಳದಿಂದ ಕೊಡ ಹೊತ್ತು ಆ ಏರು ಹತ್ತಿದ್ದಾರೆ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಈ ಮಾರ್ಚಿನಲ್ಲಿ ‘ಮಿತ’ ಎಂಬ ಆ್ಯಪಿನವರು ಓಣಿ ಓಣಿಗಳ ನಡುವೆ ಕರೆಂಟು ಉಳಿಸುವ ಆರು ವಾರಗಳ ಸ್ಪರ್ಧೆ ಇಟ್ಟಾಗ ಒಂಬತ್ತೂ ಮನೆಗಳ ಹೆಸರನ್ನು ನಾನೇ ಬರೆಸಿದೆ. ಪ್ರತಿ ಸಂಜೆ ಪ್ರತಿ ಮನೆಯವರೂ ಮೀಟರಿನ ಫೋಟೊ ಕಳಿಸಬೇಕು. ಓಣಿಯ ಒಟ್ಟು ಬಳಕೆಯನ್ನು ಆ್ಯಪು ಗೆರೆ ಎಳೆದು ತೋರಿಸುತ್ತದೆ.

ಮೊದಲ ಮೂರು ವಾರದಲ್ಲಿ ಹಳೆಯ ಬಲ್ಬು ಹೋದವು, ಯಾರೂ ಇಲ್ಲದ ಕೋಣೆಗಳಲ್ಲಿ ಫ್ಯಾನು ನಿಂತವು. ಬಳಕೆ ನೂರಕ್ಕೆ ಹನ್ನೊಂದರಷ್ಟು ಇಳಿದು ಅಲ್ಲೇ ನಿಂತಿತು. ಐದು ದಿನಕ್ಕೊಮ್ಮೆ ಗೆರೆ ಒಂಟೆಯ ಬೆನ್ನಿನಂತೆ ಉಬ್ಬುತ್ತಿತ್ತು. ನಮಗೆ ನಳ ಬರುವುದೂ ಐದು ದಿನಕ್ಕೊಮ್ಮೆ. ನೀರು ಬಂದ ದಿನ ಎಲ್ಲರೂ ಬಟ್ಟೆ ಒಗೆಯುತ್ತಾರೆ, ವಾಷಿಂಗ್ ಮಷೀನಿನದೇ ಈ ಕೆಲಸ ಎಂದು ಲೆಕ್ಕ ಹಾಕಿದೆ. ನೋಟ್‌ಬುಕ್ಕು ಹಿಡಿದು ಮನೆಮನೆಗೆ ಹೋದೆ.

ಗೌರಕ್ಕ ಹಿಟ್ಟು ಹತ್ತಿದ ಕೈಯನ್ನು ಸೊಂಟಕ್ಕಿಟ್ಟು ನಕ್ಕರು. “ಬಾ ಒಳಗ, ನೋಡು ಬಾ. ಮಷೀನದಾಗ ಜ್ವಾಳದ ಹಿಟ್ಟ ಇಟ್ಟೇನಿ. ಇಲಿ ಕಾಟ ಇಲ್ಲ, ಛಲೋ ಡಬ್ಬಿ ಆಗೇತಿ. ನೀರ ಇಲ್ಲದ ಅದನ್ನ ತಿರಗಸೂದು ಹೆಂಗವಾ?”

“ಹಂಗಾರ ಕರೆಂಟ್ ಎಲ್ಲಿ ಹೋಗಾಕತ್ತೈತ್ರಿ ಆಯಿ?”

“ನಿಮ್ಮಪ್ಪ ಹಗಲೆಲ್ಲಾ ಮೋಟಾರ ಜೋಡಿ ಮಾತಾಡ್ತಾನಲ್ಲ, ಅವನ್ನ ಕೇಳು. ಕಾಲೇಜ ಮಂದಿಗೆ ಏನ್ ತಿಳೀತೈತಿ!”

ಅಬ್ಬಾ ದಸ್ತಗೀರಸಾಬ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಫೋನಿನಲ್ಲಿನ ಗೆರೆಯನ್ನು ಅವರು ದೂರ ಹಿಡಿದು ನೋಡಿ ಮರಳಿ ಕೊಟ್ಟರು. “ಇದರಾಗ ಸಪ್ಪಳ ಕೇಳಸೂದಿಲ್ಲ. ಸೋಮವಾರ ಮುಂಜಾನಿ ಆರಕ್ಕ ನನ್ನ ಜೋಡಿ ಓಣ್ಯಾಗ ಬಾ.”

ಸೋಮವಾರ ನಳ ಬರುವ ದಿನ. ನೀರು ಬಿಡುವುದು ಏಳಕ್ಕೆ. ಆದರೆ ಆರಕ್ಕೇ ಎಲ್ಲ ಮನೆಗಳಲ್ಲಿ ಮೋಟಾರು ಗುಂಯ್‌ಗುಟ್ಟುತ್ತಿದ್ದವು. ತಮಗಿಂತ ಮೊದಲು ಇನ್ನೊಬ್ಬರು ನೀರು ಎಳೆದುಕೊಂಡಾರು ಎಂಬ ಹೆದರಿಕೆ. ನಮ್ಮದೂ ಓಡುತ್ತಿತ್ತು. ಅಬ್ಬಾ ಒಂದೊಂದು ಗೋಡೆಯ ಬಳಿ ತಲೆ ಬಾಗಿಸಿ ನಿಂತರು. “ಇದು ಅರ್ಜುನಪ್ಪಂದು. ಗಾಳಿ ಕುಡ್ಯಾಕತ್ತೈತಿ. ಇದೂ ಗಾಳಿನಽ. ಇದರ ಬೇರಿಂಗ್ ಮುಂದಿನ ತಿಂಗಳ ಹೋಗತೈತಿ.” ಏಳರ ನಂತರ ಮತ್ತೊಂದು ಸುತ್ತು ಹಾಕಿದೆವು. ನೀರು ಬಂದಿತ್ತು. ಆದರೆ ಒಂಬತ್ತು ಮೋಟಾರುಗಳು ಒಂದೇ ಪೈಪನ್ನು ಎಳೆಯುತ್ತಿದ್ದುದರಿಂದ ಯಾರಿಗೂ ಪೂರ್ತಿ ಸಿಗುತ್ತಿರಲಿಲ್ಲ. ಅರ್ಧ ಗಂಟೆಯ ಕೆಲಸಕ್ಕೆ ಪ್ರತಿ ಮೋಟಾರೂ ನಾಲ್ಕು ತಾಸು ಓಡುತ್ತಿತ್ತು.

ನಾನು ಅಲ್ಲೇ ಗುಣಿಸಿದೆ. ಒಂದು ಮನೆಗೆ ಮೂರು ಯೂನಿಟ್, ಓಣಿಗೆ ಇಪ್ಪತ್ತೇಳು. ಒಂಟೆಯ ಬೆನ್ನು ಸರಿಯಾಗಿ ಅಷ್ಟೇ ಎತ್ತರವಿತ್ತು. ಇಪ್ಪತ್ತು ದಿನ ನಾನು ಕಣ್ಣಲ್ಲಿ ಹುಡುಕಿದ್ದನ್ನು ಅಬ್ಬಾ ಕಿವಿಯಲ್ಲಿ ಹಿಡಿದಿದ್ದರು.

ಆ ಸಂಜೆ ಓಣಿಯವರೆಲ್ಲ ಅಂಗಡಿಯ ಮುಂದೆ ಸೇರಿದರು. ಅಬ್ಬಾ ನಿಂತೇ ಹೇಳಿದರು. “ನಳಕ್ಕ ಯಾರೂ ಮೋಟಾರ ಹಚ್ಚೂದು ಬ್ಯಾಡ. ಒಂದ್ ಮನಿ ನಳಾ ಬಿಚ್ಚೂದು, ಉಳದ ಎಂಟೂ ಬಂದ್. ಕೆಳಗಿನ ಟಾಕಿ ತಾನಽ ತುಂಬತೈತಿ. ಆಮ್ಯಾಲ ಅರ್ಧ ತಾಸ ಮೋಟಾರ ಹಚ್ಚಿ ಮ್ಯಾಲಿನ ಟಾಕಿಗೆ ಏರಿಸ್ರಿ. ಮನಿಗೆ ಇಪ್ಪತ್ತೈದ ಮಿನಿಟ್.”

ಅರ್ಜುನಪ್ಪ ಕಾಕಾ ಅಕ್ಕಿ ಅಂಗಡಿಯವರು. ನಂಬಿಕೆಯನ್ನೂ ತೂಗಿ ನೋಡುವವರು. “ಸಾಹೇಬ್ರ, ನಮ್ಮ ಮೋಟಾರ ಸುಡಲಿಲ್ಲಂದ್ರ ನೀವು ವೈಂಡಿಂಗ್ ಮಾಡೂದ್ ಯಾರದು?”

“ನಿಮ್ಮ ಮಿಕ್ಸರ್ ಐತಲ್ರಿ. ನಿಮ್ಮ ಸೊಸಿ ಕೈಯಾಗ ಅದು ವರ್ಷಕ್ಕ ಎರಡ ಸಲ ಸುಡತೈತಿ.”

ಎಲ್ಲರೂ ನಕ್ಕರು. ಕಾಕಾ ಬಿಡಲಿಲ್ಲ. “ಆತು. ಮೊದಲ ಯಾರು?”

“ಗೌರಕ್ಕ. ಕೆಳಗಿನ ನಳಾ ಬಂದ್ ಇದ್ರ ಮ್ಯಾಲ ನೀರು ಏರತೈತಿ. ಅಲ್ಲಿಂದ ಸಾಲಾಗಿ ಇಳ್ಯೂದು.”

“ಕೊನೀಗೆ ಉಳದಾವರಿಗೆ ನೀರ ಸಿಗಲಿಲ್ಲಂದ್ರ?”

“ಕೊನೀಮನಿ ನಂದಽ ಐತಲ್ರಿ,” ಎಂದರು ಅಬ್ಬಾ.

ಆ ಮಾತಿಗೆ ಕಾಕಾ ಒಪ್ಪಿ ತಲೆಯಾಡಿಸಿದರು. ಒಳಗಿನಿಂದ ಪಾತ್ರೆಯೊಂದು ಜೋರಾಗಿ ಬಿದ್ದ ಸದ್ದು ಬಂತು.

ಎಲ್ಲರೂ ಹೋದ ಮೇಲೆ ಅಮ್ಮೀ ಕರೀಮಾಬಿ ಹೊರಗೆ ಬಂದರು. “ಮುಂದಿನ ನಳಾ ಶನಿವಾರ. ರವಿವಾರ ಮುಸರತಳ ಮಂಗನಿ. ಬೀಗರು ನಲವತ್ತ ಮಂದಿ ಬರ್ತಾರ. ಕೈ ತೊಳ್ಯಾಕ ಏನ್ ಕೊಡ್ತೀರಿ, ನಿಮ್ಮ ಮಗಳ ಫೋನ?”

ಮುಸರತ ನನ್ನ ತಂಗಿ. ನಿಶ್ಚಿತಾರ್ಥಕ್ಕೆಂದು ಹುಡುಗನ ಮನೆಯವರು ಮೊದಲ ಬಾರಿ ನಮ್ಮ ಮನೆಗೆ ಬರುವವರಿದ್ದರು. ಟ್ಯಾಂಕರ್ ತರಿಸೋಣವೆಂದರೆ ಓಣಿಯ ತಿರುವಿನಲ್ಲಿ ಅದು ಹಾಯುವುದಿಲ್ಲ.

“ಈ ಒಂದ್ ಸಲ ನಾವು ಮೊದಲ ಹಿಡ್ಯೋಣ ಅಬ್ಬಾ,” ಎಂದೆ.

“ಕೊನೀಮನಿ ನಂದು ಅಂದೇನಿ. ಎಂಟ ಮನಿಯವ್ರು ಕೇಳ್ಯಾರ.” ಅಷ್ಟು ಹೇಳಿ ಅವರು ತಾಮ್ರದ ತಂತಿ ಸುತ್ತಲು ಕೂತರು.

ಶನಿವಾರ ಏಳಕ್ಕೆ ನಾನು ಗಡಿಯಾರ ಹಿಡಿದು ಗೌರಕ್ಕನ ಅಂಗಳದಲ್ಲಿದ್ದೆ. ಓಣಿಯಲ್ಲಿ ಒಂದೂ ಮೋಟಾರಿನ ಸದ್ದಿಲ್ಲ. ಗೌರಕ್ಕ ನಳ ತಿರುಗಿಸಿದರು. ಏನೂ ಬರಲಿಲ್ಲ. “ನಾ ಹೇಳಲಿಲ್ಲ?” ಎಂದರು. ನಳ ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು. ನಂತರ ನೀರು ಎಷ್ಟು ಬಿರುಸಾಗಿ ಬಂತೆಂದರೆ ಅವರ ಸೀರೆಯ ನೆರಿಗೆ ತೊಯ್ದವು. ಗೌರಕ್ಕ ಹಿಂದೆ ಸರಿಯಲಿಲ್ಲ. ನಳದ ಕೆಳಗೆ ಕೈ ಒಡ್ಡಿ ಹಾಗೇ ನಿಂತರು.

ಇಪ್ಪತ್ತೈದು ನಿಮಿಷಕ್ಕೆ ಅವರದು ಬಂದ್, ಮುಂದಿನದು ಶುರು. ಅರ್ಜುನಪ್ಪ ಕಾಕಾ ತಮ್ಮ ಸರದಿ ಮುಗಿಯಲು ಒಂದು ನಿಮಿಷ ಇರುವಾಗಲೇ ನಳ ಮುಚ್ಚಿ, ಅದನ್ನು ಓಣಿಗೆಲ್ಲ ಕೇಳುವಂತೆ ಹೇಳಿದರು. ನೀರು ಇರುವುದು ಹನ್ನೊಂದರವರೆಗೆ. ನಮ್ಮ ಸರದಿ ಹತ್ತು ಇಪ್ಪತ್ತಕ್ಕೆ. ಲೆಕ್ಕ ಸರಿಯಾಗಿಯೇ ಇತ್ತು.

ಹತ್ತು ಇಪ್ಪತ್ತಮೂರಕ್ಕೆ ನಮ್ಮ ನಳ ಹಾವಿನಂತೆ ಬುಸುಗುಟ್ಟಿ ನಿಂತಿತು. ಆ ದಿನ ನೀರನ್ನು ಬೇಗ ನಿಲ್ಲಿಸಿದ್ದರು. ನಮಗೆ ದಕ್ಕಿದ್ದು ನಾಲ್ಕು ಕೊಡ.

ಅಮ್ಮೀ ಕೊಡಗಳ ಬಾಯಿಗೆ ಒಂದೊಂದಾಗಿ ತಟ್ಟೆ ಮುಚ್ಚಿದರು. ಮುಸರತ ಬಾಗಿಲಲ್ಲಿ ನಿಂತು ನಾಲ್ಕು ಕೊಡಗಳನ್ನೇ ನೋಡುತ್ತಿದ್ದಳು. ಅಬ್ಬಾ ನಳದ ಕಿವಿಯನ್ನು ನಿಧಾನವಾಗಿ ತಿರುಗಿಸಿ ಮುಚ್ಚಿದರು. ನಾನು ನೋಟ್‌ಬುಕ್ಕು ಮಡಚಿದೆ.

ಆಗ ಮೇಲಿನಿಂದ ಗೌರಕ್ಕನ ಕೂಗು ಕೇಳಿತು. “ದಸ್ತಗೀರಣ್ಣಾ, ನಿಮ್ಮ ಮಾಳಗಿ ಟಾಕಿ ಮುಚ್ಚಳ ತಗೀ!”

ತಲೆಯೆತ್ತಿದರೆ ಅವರು ತಮ್ಮ ಮಾಳಿಗೆಯ ಮೇಲಿದ್ದರು, ಕೈಯಲ್ಲಿ ಹಸಿರು ಪೈಪು. “ನನ್ನ ಟಾಕಿ ತುಂಬಿ ತುಳಕಾಕತ್ತೈತಿ. ಇದರ ನಳಕ್ಕ ಪೈಪ ಹಚ್ಚೇನಿ. ಸಾಲಂಗಿಲ್ಲ, ಇನ್ನೊಂದ್ ಜೋಡಸ್ರಿ ಯಾರರೆ!”

ಪಕ್ಕದ ಮನೆಯವರು ಹಳದಿ ಪೈಪು ತಂದರು. ಅದಕ್ಕೆ ಇನ್ನೊಂದು ಮನೆಯ ನೀಲಿ. ಅರ್ಜುನಪ್ಪ ಕಾಕಾ ತಮ್ಮದನ್ನು ಕೊಡುವಾಗ, “ಹೊಸಾದು ಐತಿ, ಕತ್ತರಸಬ್ಯಾಡ್ರಿ,” ಎಂದರು. ಅಬ್ಬಾ ಸೈಕಲ್ಲಿನ ಹಳೆಯ ಟ್ಯೂಬನ್ನು ಸೀಳಿ ಒಂದೊಂದು ಜೋಡಣೆಗೂ ಬಿಗಿಯಾಗಿ ಸುತ್ತಿದರು. ಕಂಪೌಂಡ್ ಗೋಡೆಗಳ ಮೇಲೆ ಬಣ್ಣಬಣ್ಣದ ಪೈಪು ಮನೆಯಿಂದ ಮನೆಗೆ ಇಳಿದು, ನಮ್ಮ ಮಾಳಿಗೆಯ ಟಾಕಿಯೊಳಗೆ ಬಂತು. ಗೌರಕ್ಕನ ಟಾಕಿ ನಮ್ಮದಕ್ಕಿಂತ ಒಂದು ಅಂತಸ್ತು ಮೇಲೆ. ಅಷ್ಟು ಎತ್ತರ ಸಾಕು ಎಂದು ನನ್ನ ವಿದ್ಯಾರ್ಥಿಗಳಿಗೆ ವರ್ಷವೂ ಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಆದರೂ ಪೈಪಿನ ತುದಿ ನಡುಗಿ ಮೊದಲ ನೀರು ಟಾಕಿಗೆ ಬಿದ್ದಾಗ ಬಗ್ಗಿ ಒಳಗೆ ಇಣುಕಿ ನೋಡಿದೆ.

ಅಮ್ಮೀ ಗೌರಕ್ಕನತ್ತ ನೋಡಿ, “ನಿಮಗ ಕಡಿಮಿ ಬೀಳತೈತಲ್ರಿ,” ಎಂದರು.

“ಹನ್ನೆರಡ ವರ್ಷ ನಿಮ್ಮ ಮನಿ ನೀರ ಹೊತ್ತ ಹತ್ತೇನಿ ಕರೀಮಾಬಿ. ಇವತ್ತ ತಾನಽ ಇಳ್ಯಾಕತ್ತೈತಿ, ಬಿಡ್ರಿ ಇಳೀಲಿ. ನಾಳಿ ಬೀಗರಿಗೆ ರೊಟ್ಟಿ ನಂದು. ಬ್ಯಾಡ ಅಂದ್ರ ಪೈಪ ಕಿತ್ತೇನಿ ನೋಡ್ರಿ!”

ಅಮ್ಮೀ ಐದು ದಿನಗಳ ಮೇಲೆ ಮೊದಲ ಬಾರಿ ನಕ್ಕರು.

ಆರು ವಾರ ಮುಗಿದಾಗ ಸ್ಪರ್ಧೆಯಲ್ಲಿ ನಮ್ಮ ಓಣಿ ಎರಡನೆಯದಾಯಿತು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಶನಿವಾರದ ಸಂಜೆ. ಇಪ್ಪತ್ತೇಳು ಯೂನಿಟ್ಟಿನ ಉಬ್ಬು ಮೂರಕ್ಕೆ ಇಳಿದಿತ್ತು. ಆ ಮೂರರಲ್ಲಿ ನಮ್ಮ ಮನೆಯ ಪಾಲು ಸೊನ್ನೆ. ನಮ್ಮ ಮೋಟಾರು ಆ ದಿನ ತಿರುಗಲೇ ಇಲ್ಲ. ಆ್ಯಪಿಗೆ ಅದು ನಂಬಿಕೆಯಾಗಲಿಲ್ಲ. ‘ನಿಮ್ಮ ಬಳಕೆ ನಿರೀಕ್ಷೆಗಿಂತ ಬಹಳ ಕಡಿಮೆ ಇದೆ. ದಯವಿಟ್ಟು ಮೀಟರಿನ ಫೋಟೊ ಮತ್ತೊಮ್ಮೆ ಕಳುಹಿಸಿ’ ಎಂಬ ಸಂದೇಶ ಬಂತು.

“ಏನಂತ?” ಅಬ್ಬಾ ಕೇಳಿದರು.

“ಖರೇ ಏನು ಅಂತ ಕೇಳಾಕತ್ತೈತ್ರಿ. ಮೀಟರಿನ ಫೋಟೊ ಇನ್ನೊಮ್ಮೆ ಬೇಕಂತ.”

“ತಡಿ.” ಅವರು ಒಳಗೆ ಹೋಗಿ ಕೈಯ ಗ್ರೀಸು ತೊಳೆದು ಬಂದರು, ಮರುದಿನಕ್ಕೆಂದು ಇಸ್ತ್ರಿ ಮಾಡಿಟ್ಟ ಬಿಳಿಯ ಟೊಪ್ಪಿಗೆ ಹಾಕಿಕೊಂಡರು. ಮೀಟರಿನ ಪಕ್ಕದಲ್ಲಿ ಎದೆ ಸೆಟೆಸಿ ನಿಂತರು. “ಹೂಂ, ತಗೀ.”

ಚೌಕಟ್ಟಿನಲ್ಲಿ ಮೀಟರು ಮಾತ್ರ ಇರಬೇಕೆಂದು ಆ್ಯಪಿನ ನಿಯಮ. ನಿಯಮಗಳನ್ನು ನಾನು ಸಾಮಾನ್ಯವಾಗಿ ಮೀರುವುದಿಲ್ಲ. ಆ ಸಂಜೆ ಎರಡು ಹೆಜ್ಜೆ ಹಿಂದೆ ಸರಿದು, ಅಂಕಿಗಳೂ ಅಬ್ಬಾನೂ ಪೂರ್ತಿ ಬರುವಂತೆ ಫೋಟೊ ತೆಗೆದು ಹಾಗೆಯೇ ಕಳಿಸಿದೆ.